ಮನೆಯಂಗಳದ ರೋಲ್ ಬಾರ್: ಬೋಲ್ಟು ಬಿಗಿಯುವ ಮುನ್ನ ತಳದ ತಗಡನ್ನು ನೋಡಿ

ಮಾನ್ಯ ಸಂಪಾದಕರಿಗೆ,

ಉಡುಪಿ ಸಮೀಪದ ಇಬ್ಬರು ಯುವಕರು ತಮ್ಮ ಹಳೆಯ ಹ್ಯಾಚ್‌ಬ್ಯಾಕ್ ಕಾರಿಗೆ ಮನೆಯಂಗಳದಲ್ಲೇ ರೋಲ್ ಬಾರ್ ಜೋಡಿಸಿಕೊಂಡ ಬಗ್ಗೆ ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಬಂದ ಸಚಿತ್ರ ಬರಹವನ್ನು ಆಸಕ್ತಿಯಿಂದ ಓದಿದೆ. ವೆಲ್ಡಿಂಗ್ ಬೇಕಿಲ್ಲ, ನಟ್ಟು ಬೋಲ್ಟುಗಳಿದ್ದರೆ ಸಾಕು, ಎರಡು ರಜಾದಿನಗಳಲ್ಲಿ ಮುಗಿಯುವ ಕೆಲಸ ಎಂದು ಅದರಲ್ಲಿ ಹೇಳಲಾಗಿದೆ. ಆ ಯುವಕರ ಶ್ರದ್ಧೆಯ ಬಗ್ಗೆ ನನಗೆ ಗೌರವವಿದೆ. ತನ್ನ ವಾಹನವನ್ನು ತಾನೇ ಬಿಚ್ಚಿ, ತಾನೇ ಜೋಡಿಸುವ ಹುಡುಗರು ನಮ್ಮ ಜಿಲ್ಲೆಗಳಲ್ಲಿ ಇನ್ನೂ ಇದ್ದಾರೆಂಬುದೇ ಸಂತೋಷದ ವಿಷಯ. ಆದರೆ ವಾಹನ ದುರಸ್ತಿಯನ್ನು ಕಲಿಸುತ್ತಾ ಬಂದವನಾಗಿ ಮತ್ತು ಕರಾವಳಿಯಲ್ಲಿ ಆಗಾಗ ನಡೆಯುವ ಆಟೋಕ್ರಾಸ್ (ಮೈದಾನದ ಮಣ್ಣಿನ ಹಾದಿಯ ಕಾರು ಓಟ) ಸ್ಪರ್ಧೆಗಳ ವಾಹನ ತಪಾಸಣೆಯಲ್ಲಿ ಕೆಲಸ ಮಾಡಿದವನಾಗಿ, ಆ ಬರಹ ಬಿಟ್ಟುಬಿಟ್ಟ ಎರಡು ಸಂಗತಿಗಳನ್ನು ಓದುಗರ ಮುಂದಿಡುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ. ಬೋಲ್ಟು ಯಾವ ತಗಡನ್ನು ಹಿಡಿದು ನಿಂತಿದೆ ಎಂಬುದು ಒಂದು. ರೋಲ್ ಬಾರಿನ ಉಕ್ಕಿನ ಕೊಳವೆಯ ಪಕ್ಕದಲ್ಲಿ ಕುಳಿತವರ ತಲೆಯ ಮೇಲೆ ಹೆಲ್ಮೆಟ್ ಇದೆಯೇ ಎಂಬುದು ಇನ್ನೊಂದು. ಈ ಎರಡಕ್ಕೂ ಸರಿಯಾದ ಉತ್ತರವಿಲ್ಲದ ಕಾರಿನಲ್ಲಿ ರೋಲ್ ಬಾರ್ ರಕ್ಷಣೆಯಾಗುವುದಿಲ್ಲ, ಅಪಾಯವಾಗುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲಿಗೆ, ಈ ಸಾಧನವನ್ನು ಕಾಣದ ಓದುಗರಿಗಾಗಿ ಒಂದು ಮಾತು. ಮುಂದಿನ ಆಸನಗಳ ಹಿಂಬದಿಯಲ್ಲಿ, ನೆಲದಿಂದ ಮೇಲೆದ್ದು ಛಾವಣಿಯ ಅಂಚಿನಲ್ಲೇ ಸಾಗಿ ಮತ್ತೊಂದು ಬದಿಯಲ್ಲಿ ನೆಲಕ್ಕಿಳಿಯುವ ಉಕ್ಕಿನ ಕೊಳವೆಯ ಕಮಾನು ಇದರ ಮುಖ್ಯ ಭಾಗ. ಆ ಕಮಾನಿನ ಮೇಲ್ತುದಿಯಿಂದ ಹಿಂದಿನ ಚಕ್ರದ ಗೂಡುಗಳ ಕಡೆಗೆ ಇಳಿಯುವ ಎರಡು ಆಧಾರದ ಕೊಳವೆಗಳು ಅದು ಮುಂದಕ್ಕೋ ಹಿಂದಕ್ಕೋ ವಾಲದಂತೆ ತಡೆಯುತ್ತವೆ. ಕಮಾನಿನ ಒಳಗೆ ಮೂಲೆಯಿಂದ ಮೂಲೆಗೆ ಹಾಯುವ ಓರೆಕೊಳವೆ ಅದು ಪಕ್ಕಕ್ಕೆ ಮಡಚಿಕೊಳ್ಳದಂತೆ ನೋಡಿಕೊಳ್ಳುತ್ತದೆ. ಕಾರು ಪಲ್ಟಿಯಾದಾಗ ಛಾವಣಿ ಕುಸಿದು ಒಳಗಿರುವವರ ತಲೆಯ ಮೇಲೆ ಬೀಳದಂತೆ ಕಾಪಾಡುವುದು ಇದರ ಏಕೈಕ ಉದ್ದೇಶ. ಇದನ್ನೇ ಮುಂಬದಿಗೂ ಬಾಗಿಲುಗಳಿಗೂ ವಿಸ್ತರಿಸಿದರೆ ರೋಲ್ ಕೇಜ್ ಆಗುತ್ತದೆ. ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುರಸ್ತೆಯಲ್ಲಿ ರ‍್ಯಾಲಿ ನೋಡಿದವರಿಗೆಲ್ಲ ಅದು ಪರಿಚಿತ.

ಕೊಳವೆಯ ವಿಷಯಕ್ಕೆ ಬರೋಣ. ಅಂತಾರಾಷ್ಟ್ರೀಯ ಮೋಟಾರ್ ಕ್ರೀಡಾ ಸಂಸ್ಥೆಯಾದ ಎಫ್‌ಐಎ ತನ್ನ ನಿಯಮಾವಳಿಯಲ್ಲಿ ಮುಖ್ಯ ಕಮಾನಿಗೆ ಕನಿಷ್ಠ 45 ಮಿಲಿಮೀಟರ್ ಹೊರವ್ಯಾಸ ಮತ್ತು 2.5 ಮಿಲಿಮೀಟರ್ ದಪ್ಪ, ಅಥವಾ 50 ಮಿಲಿಮೀಟರ್ ವ್ಯಾಸ ಮತ್ತು 2 ಮಿಲಿಮೀಟರ್ ದಪ್ಪದ ಕೊಳವೆಯನ್ನು ವಿಧಿಸಿದೆ. ಅದು ಸೀಮ್‌ಲೆಸ್ ಆಗಿರಬೇಕು, ಅಂದರೆ ಉದ್ದಕ್ಕೂ ಬೆಸುಗೆಯ ಗೆರೆ ಇರಬಾರದು. ತಣ್ಣಗಿರುವಾಗಲೇ ಎಳೆದು ತಯಾರಿಸಿದ ಕಾರ್ಬನ್ ಉಕ್ಕಿನದಾಗಿದ್ದು, ಎಳೆತಕ್ಕೆ ಚದರ ಮಿಲಿಮೀಟರಿಗೆ ಕನಿಷ್ಠ 350 ನ್ಯೂಟನ್ ತಾಳಬೇಕು. ಬಾಗಿಸುವಾಗ ತಿರುವಿನ ತ್ರಿಜ್ಯ ಕೊಳವೆಯ ವ್ಯಾಸದ ಮೂರು ಪಟ್ಟಿಗಿಂತ ಕಡಿಮೆಯಾಗಬಾರದು. ತಿರುವಿನಲ್ಲಿ ಕೊಳವೆ ಚಪ್ಪಟೆಯಾದರೆ ಕಿರಿಯ ಅಳತೆ ಹಿರಿಯ ಅಳತೆಯ ಹತ್ತರಲ್ಲಿ ಒಂಬತ್ತು ಭಾಗವಾದರೂ ಇರಬೇಕು. ಮಂಗಳೂರಿನ ಬಂದರು ಪ್ರದೇಶದ ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದೂವರೆ ಇಂಚಿನ ಪೈಪು ಕೇಳಿದರೆ ಕೈಗೆ ಬರುವುದು ನೀರು ಸಾಗಿಸಲೆಂದು ಮಾಡಿದ, ಸತು ಲೇಪಿಸಿದ ಜಿಐ ಪೈಪು. ಅದು ಕೈಗೆ ದಪ್ಪವಾಗಿಯೇ ಕಾಣುತ್ತದೆ, ಆದರೆ ಅದು ಪಟ್ಟಿಯನ್ನು ಸುತ್ತಿ ಬೆಸೆದ ಪೈಪು. ಮೇಲಾಗಿ ಅದನ್ನು ವೆಲ್ಡ್ ಮಾಡಿದರೆ ಏಳುವ ಸತುವಿನ ಹೊಗೆ ಕೆಲಸಗಾರನಿಗೆ ಜ್ವರ ಬರಿಸುವಷ್ಟು ಕೆಟ್ಟದ್ದು. ಬಾಲ್ಕನಿಯ ಕಟಾಂಜನಕ್ಕೆ ಹಾಕುವ ಹೊಳೆಯುವ ಸ್ಟೇನ್‌ಲೆಸ್ ಪೈಪಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಮಲ್ಪೆಯಲ್ಲೂ ಬೈಕಂಪಾಡಿಯಲ್ಲೂ ಬಹಳ ನುರಿತ ವೆಲ್ಡರುಗಳಿದ್ದಾರೆ, ಅವರ ಕೈಚಳಕದಲ್ಲಿ ನನಗೆ ಸಂಶಯವಿಲ್ಲ. ತಪ್ಪು ಪೈಪನ್ನು ಕೊಟ್ಟರೆ ಯಾವ ಕೈಚಳಕವೂ ಅದನ್ನು ಸರಿಪಡಿಸಲಾರದು ಎಂದಷ್ಟೇ ನನ್ನ ಮಾತು.

ಆದರೂ ತಪಾಸಣೆಗೆ ಬಂದ ವಾಹನಗಳಲ್ಲಿ ನಾನು ಕಂಡ ದೋಷಗಳಲ್ಲಿ ಕೊಳವೆಯದಕ್ಕಿಂತ ಕಾಲಿನದೇ ಹೆಚ್ಚು. ಕಮಾನಿನ ಕಾಲುಗಳು ಊರುವ ಜಾಗವೆಂದರೆ ಕಾರಿನ ತಳದ ತಗಡು. ಸಾಮಾನ್ಯ ಕಾರುಗಳಲ್ಲಿ ಅದರ ದಪ್ಪ ಒಂದು ಮಿಲಿಮೀಟರ್ ಕೂಡ ಇರುವುದಿಲ್ಲ. ಕಾರು ಮಗುಚಿ ಛಾವಣಿಯ ಮೇಲೆ ಬಿದ್ದ ಕ್ಷಣದಲ್ಲಿ ಇಡೀ ಕಾರಿನ ಭಾರ, ಅದರ ವೇಗದೊಂದಿಗೆ ಸೇರಿ, ಕಮಾನಿನ ಮೂಲಕ ಈ ತೆಳು ತಗಡಿನ ಮೇಲೆ ಬರುತ್ತದೆ. ಅಡಿಕೆ ಮರಕ್ಕೆ ಒರಗಿಸಿದ ಏಣಿಯ ಕಾಲು ಮಳೆಗಾಲದ ಮಣ್ಣಿನಲ್ಲಿ ಹೂತುಹೋಗದಿರಲೆಂದು ಅದರಡಿ ಹಲಗೆ ಇಡುವಂತೆ ಇಲ್ಲಿಯೂ ಭಾರವನ್ನು ಹರಡುವ ಪ್ಲೇಟು ಬೇಕು. ಎಫ್‌ಐಎ ನಿಯಮದ ಪ್ರಕಾರ ಮುಖ್ಯ ಕಮಾನಿನ ಪ್ರತಿ ಕಾಲಿಗೂ ಕನಿಷ್ಠ 3 ಮಿಲಿಮೀಟರ್ ದಪ್ಪದ, 120 ಚದರ ಸೆಂಟಿಮೀಟರ್ ವಿಸ್ತೀರ್ಣದ ಉಕ್ಕಿನ ಪ್ಲೇಟು ಇರಬೇಕು. ಅದಕ್ಕೆ ಕನಿಷ್ಠ ಮೂರು ಎಂ8, ಅಂದರೆ 8 ಮಿಲಿಮೀಟರ್ ವ್ಯಾಸದ, ಬೋಲ್ಟುಗಳು ಬೇಕು. ಬೋಲ್ಟಿನ ಬಲದ ದರ್ಜೆ 8.8 ಅಥವಾ ಅದಕ್ಕಿಂತ ಮೇಲಿನದಾಗಿರಬೇಕು. ಹಿಂದಿನ ಆಧಾರಗಳಿಗೆ ತಲಾ ಎರಡು ಬೋಲ್ಟು ಮತ್ತು 60 ಚದರ ಸೆಂಟಿಮೀಟರಿನ ಪಾದ ಸಾಕು. ಇಲ್ಲಿ ಓದುಗರು ಗಮನಿಸಬೇಕಾದ ಅಂಶವೊಂದಿದೆ: ಮುಖ್ಯ ಕಮಾನಿನ ಕೆಳಗಿನ ಆ ಬಲವರ್ಧಕ ಪ್ಲೇಟನ್ನು ಕಾರಿನ ದೇಹಕ್ಕೆ ವೆಲ್ಡ್ ಮಾಡಬೇಕೆಂದೇ ಆ ನಿಯಮ ಹೇಳುತ್ತದೆ. ಬೋಲ್ಟಿನಿಂದ ಜೋಡಿಸುವುದು ಬಾರನ್ನು ಮಾತ್ರ. ಆದ್ದರಿಂದ ‘ವೆಲ್ಡಿಂಗ್ ಬೇಕಿಲ್ಲ’ ಎಂಬ ಮಾತು ಸ್ಪರ್ಧೆಯ ದೃಷ್ಟಿಯಿಂದ ಅರ್ಧಸತ್ಯ.

ತಮ್ಮ ಪುರವಣಿಯ ಚಿತ್ರದಲ್ಲಿ ಕಾರಿನ ಅಡಿಯಲ್ಲಿ ಕಾಣುತ್ತಿದ್ದುದು ನಟ್ಟು ಮತ್ತು ದುಂಡನೆಯ ವಾಷರ್ ಮಾತ್ರ. ಅದರ ಲೆಕ್ಕವನ್ನು ಮಾಡಿ ನೋಡೋಣ. ಎಂ8 ಬೋಲ್ಟಿನ ಸಾಮಾನ್ಯ ವಾಷರಿನ ಹೊರವ್ಯಾಸ 16 ಮಿಲಿಮೀಟರ್; ನಡುವಿನ ತೂತನ್ನು ಕಳೆದರೆ ಉಳಿಯುವ ವಿಸ್ತೀರ್ಣ ಸುಮಾರು ಒಂದೂವರೆ ಚದರ ಸೆಂಟಿಮೀಟರ್, ಮೂರು ವಾಷರಿಗೆ ಸುಮಾರು ನಾಲ್ಕೂವರೆ. ಕಾರು ಉರುಳುವಾಗ ಒಂದು ಕಾಲನ್ನು ನೆಲದಿಂದ ಕಿತ್ತೆಳೆಯುವ ಬಲ ಒಂದು ಟನ್ ಎಂದು ಇಟ್ಟುಕೊಂಡರೂ, ಪ್ಲೇಟಿದ್ದಾಗ ಚದರ ಸೆಂಟಿಮೀಟರಿಗೆ ಎಂಟು ಕಿಲೋ ಚಿಲ್ಲರೆ ಬೀಳುವ ಒತ್ತಡ, ಬರೀ ವಾಷರ್ ಇದ್ದಾಗ ಇನ್ನೂರು ಕಿಲೋ ದಾಟುತ್ತದೆ. ವಾಷರ್ ತಗಡನ್ನು ಹರಿದುಕೊಂಡು ಮೇಲೆ ಬರುತ್ತದೆ, ಕಾಲು ತಗಡಿನಿಂದ ಕಳಚಿಕೊಳ್ಳುತ್ತದೆ, ಕಮಾನು ಒಳಗಿರುವವರ ಮೇಲೆಯೇ ವಾಲುತ್ತದೆ. ಬೋಲ್ಟು ಮುರಿಯುವ ಸಂದರ್ಭ ಬಹಳ ವಿರಳ. ಬೋಲ್ಟಿನ ಸುತ್ತಲಿನ ತಗಡೇ ಮೊದಲು ಸೋಲುತ್ತದೆ. ಪ್ಲೇಟಿನ ಅಂಚುಗಳು ಚೂಪಾಗಿದ್ದರೆ ಅವೇ ತಗಡನ್ನು ಕತ್ತರಿಸುತ್ತವಾದ್ದರಿಂದ ಮೂಲೆಗಳನ್ನು ಅರದಿಂದ ದುಂಡಗೆ ಮಾಡಿಕೊಳ್ಳಬೇಕು. ಪ್ಲೇಟನ್ನು ಬರಿಯ ತಗಡಿನ ನಡುಭಾಗದಲ್ಲಿ ಕೂರಿಸುವುದಕ್ಕಿಂತ, ಬಾಗಿಲಿನ ಕೆಳಗಿನ ಸಿಲ್ ಭಾಗವನ್ನೂ ತಬ್ಬಿ ನಿಲ್ಲುವಂತೆ ಬಾಗಿಸಿ ಕೂರಿಸಿದರೆ ಭಾರ ಕಾರಿನ ಗಟ್ಟಿ ಭಾಗಕ್ಕೆ ದಾಟುತ್ತದೆ.

ಕಾರ್ಪೆಟ್ಟಿನ ಮೇಲೆಯೇ ಪ್ಲೇಟಿಟ್ಟು ಬೋಲ್ಟು ಬಿಗಿಯುವುದನ್ನೂ ಕಂಡಿದ್ದೇನೆ. ಕಾರ್ಪೆಟ್ಟು, ಅದರಡಿಯ ಸ್ಪಂಜು, ಶಬ್ದ ತಡೆಯಲು ಅಂಟಿಸಿದ ಡಾಂಬರಿನ ಹಾಳೆ ಇವೆಲ್ಲ ದಿನ ಕಳೆದಂತೆ ಅದುಮಿಕೊಂಡು ತೆಳ್ಳಗಾಗುತ್ತವೆ. ಬಿಗಿದ ದಿನ ಟಾರ್ಕ್ ರೆಂಚಿನಲ್ಲಿ 25 ನ್ಯೂಟನ್ ಮೀಟರ್ ತೋರಿಸಿದ ಬೋಲ್ಟು ಕೆಲವೇ ವಾರಗಳಲ್ಲಿ ಕೈಯಲ್ಲಿ ತಿರುಗುವಷ್ಟು ಸಡಿಲವಾಗುತ್ತದೆ. ಲೋಹ ಲೋಹಕ್ಕೇ ತಾಗಿರಬೇಕು.

ಇನ್ನು ನಮ್ಮ ಕರಾವಳಿಗೇ ವಿಶೇಷವಾದ ತೊಂದರೆ ತುಕ್ಕಿನದು. ಈ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಬರೆಯಲು ತಾವು ಅವಕಾಶ ಕೊಡಬೇಕು, ಏಕೆಂದರೆ ಹೊರ ಊರುಗಳ ಒಣ ಹವೆಯಲ್ಲಿ ಬರೆದ ಸಲಹೆಗಳು ಈ ವಿಷಯದಲ್ಲಿ ಮೌನವಾಗಿರುತ್ತವೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ, ಉಳಿದ ತಿಂಗಳುಗಳಲ್ಲಿ ಉಪ್ಪುಗಾಳಿ ಬೀಸುವ ಊರಿನಲ್ಲಿ ಹತ್ತು ಹದಿನೈದು ವರ್ಷ ಓಡಿದ ಕಾರಿನ ಬಣ್ಣ ಎಷ್ಟೇ ಹೊಳೆಯುತ್ತಿದ್ದರೂ ಅದರ ತಳ ಹೊಳೆಯುವುದಿಲ್ಲ. ಬಾಗಿಲಿನ ರಬ್ಬರ್ ಸಂದಿನಿಂದಲೋ, ಎಸಿಯ ನೀರು ಹೊರಹೋಗುವ ನಳಿಗೆ ಕಟ್ಟಿಕೊಂಡೋ, ಒದ್ದೆ ಕಾಲಿನಿಂದಲೋ ಒಳಬಂದ ನೀರು ಕಾರ್ಪೆಟ್ಟಿನಡಿಯ ಸ್ಪಂಜಿನಲ್ಲಿ ಜೂನ್‌ನಿಂದ ಅಕ್ಟೋಬರ್ ತನಕ ಕುಳಿತಿರುತ್ತದೆ. ತುಕ್ಕು ಮೊದಲು ತಿನ್ನುವುದು ಸಿಲ್‌ನ ಒಳಭಾಗ, ತಳದ ತಗಡು ಸಿಲ್‌ಗೆ ಸೇರುವ ಮೂಲೆ, ಹಿಂದಿನ ಚಕ್ರದ ಗೂಡಿನ ಅಂಚು. ಕಮಾನಿನ ಕಾಲುಗಳೂ ಹಿಂದಿನ ಆಧಾರಗಳೂ ಊರುವುದು ಇವೇ ಜಾಗಗಳಲ್ಲಿ ಎಂಬುದನ್ನು ಗಮನಿಸಿ.

ಹೊರಗಿನಿಂದ ನೋಡಿದರೆ ಇದು ತಿಳಿಯುವುದಿಲ್ಲ. ಮಾರಾಟಕ್ಕೆ ಮುನ್ನ ತಳಕ್ಕೆ ದಪ್ಪಗೆ ಬಳಿದ ಕಪ್ಪು ಕೋಟಿಂಗ್ ತುಕ್ಕನ್ನು ಮುಚ್ಚಿರುತ್ತದೆ. ಟಿಂಕರಿಂಗ್ ಮಾಡಿಸಿದ ಜಾಗದಲ್ಲಿ ತಗಡಿನ ಬದಲು ಪುಟ್ಟಿಯೇ ಇರಬಹುದು. ಆಸನ ಮತ್ತು ಕಾರ್ಪೆಟ್ಟನ್ನು ಪೂರ್ತಿ ತೆಗೆದು, ಕೋಟಿಂಗನ್ನು ಕೆರೆದು, ಸ್ಕ್ರೂಡ್ರೈವರಿನ ತುದಿಯಿಂದ ಒತ್ತಿ ನೋಡಬೇಕು, ಆಯಸ್ಕಾಂತ ಹಿಡಿದು ನೋಡಬೇಕು. ತಗಡು ಕುಗ್ಗಿದರೆ, ಪದರ ಪದರವಾಗಿ ಎದ್ದರೆ, ಆಯಸ್ಕಾಂತ ಅಂಟದೆ ಜಾರಿದರೆ ಆ ಕಾರಿನಲ್ಲಿ ರೋಲ್ ಬಾರಿನ ಮಾತನ್ನೇ ಅಲ್ಲಿಗೆ ನಿಲ್ಲಿಸಿ, ಮೊದಲು ತಳವನ್ನು ಕತ್ತರಿಸಿ ಹೊಸ ತಗಡು ಬೆಸೆಯಿಸಬೇಕು. ಈ ಕೆಲಸಕ್ಕೆ ಬಾರಿಗಿಂತ ಹೆಚ್ಚು ಖರ್ಚಾಗಬಹುದು ಎಂಬುದು ನಿಜ. ತಗಡು ಗಟ್ಟಿಯಿದ್ದರೂ ನಾವು ಕೊರೆದ ಪ್ರತಿಯೊಂದು ತೂತಿನ ಅಂಚು ಬಣ್ಣವಿಲ್ಲದ ಬರಿಯ ಉಕ್ಕು. ಅದಕ್ಕೆ ಸತುವಿನ ಪ್ರೈಮರ್ ಬಳಿದು, ಪ್ಲೇಟಿನ ಸುತ್ತ ಸೀಲರ್ ಹಚ್ಚದಿದ್ದರೆ ಮುಂದಿನ ಮಳೆಗಾಲದಲ್ಲಿ ತುಕ್ಕು ಅಲ್ಲಿಂದಲೇ ಶುರುವಾಗುತ್ತದೆ. ಎರಡು ಪ್ಲೇಟುಗಳ ನಡುವೆ ಸಿಕ್ಕ ತಗಡು ಕೊಳೆಯುತ್ತಿರುವುದು ಯಾರ ಕಣ್ಣಿಗೂ ಬೀಳದು. ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಬೋಲ್ಟುಗಳನ್ನು ಬಿಚ್ಚಿ ಒಳಗೆ ನೋಡಲು ಸಾಧ್ಯವಿರುವುದು ಬೋಲ್ಟಿನ ಬಾರಿನ ದೊಡ್ಡ ಅನುಕೂಲ. ಅದನ್ನು ಬಳಸಿಕೊಳ್ಳುವವರನ್ನು ನಾನು ಕಂಡದ್ದು ಕಡಿಮೆ.

ತೂತು ಕೊರೆಯುವ ಕೆಲಸದ ಬಗ್ಗೆ ಬರಹದಲ್ಲಿ ಒಂದೇ ಸಾಲು ಇತ್ತು. ನಮ್ಮಲ್ಲಿ ಓಡುವ ಬಹುತೇಕ ಹ್ಯಾಚ್‌ಬ್ಯಾಕ್‌ಗಳಲ್ಲಿ ಪೆಟ್ರೋಲ್ ಟ್ಯಾಂಕು ಹಿಂದಿನ ಆಸನದ ಅಡಿಯಲ್ಲೇ ಇರುತ್ತದೆ, ಎಷ್ಟೋ ಕಾರುಗಳಲ್ಲಿ ಅದು ಪ್ಲಾಸ್ಟಿಕ್ಕಿನದು; ಪೆಟ್ರೋಲಿನ ಮತ್ತು ಬ್ರೇಕಿನ ಕೊಳವೆಗಳು ತಳದ ಹೊರಬದಿಯಲ್ಲಿ ಸಾಗಿದರೆ, ಬಾಗಿಲಿನ ಕೆಳಗಿನ ಪಟ್ಟಿಯಡಿಯಲ್ಲಿ ವೈರಿಂಗಿನ ಕಟ್ಟು ಸಾಗುತ್ತದೆ. ಒಳಗಿನಿಂದ ಡ್ರಿಲ್ ಒತ್ತುವವನಿಗೆ ಇವು ಯಾವುವೂ ಕಾಣುವುದಿಲ್ಲ. ಬ್ಯಾಟರಿಯ ನೆಗೆಟಿವ್ ತುದಿಯನ್ನು ಕಳಚಿ, ಕಾರನ್ನು ಜಾಕಿನ ಮೇಲಲ್ಲದೆ ಗಟ್ಟಿ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ, ಅಡಿಯಲ್ಲಿ ಮಲಗಿ ಪ್ರತಿ ತೂತಿನ ಜಾಗವನ್ನು ಕೆಳಗಿನಿಂದ ನೋಡಿ ಗುರುತು ಮಾಡಿದ ನಂತರವೇ ಸಣ್ಣ ಬಿಟ್ಟಿನಿಂದ ಆರಂಭಿಸಬೇಕು. ಹಿಂಬದಿಯಲ್ಲಿ ಕೊರೆಯುವುದಿದ್ದರೆ ಟ್ಯಾಂಕನ್ನು ಇಳಿಸಿಯೇ ಕೊರೆಯುವುದು ಸರಿಯಾದ ಕ್ರಮ. ಟ್ಯಾಂಕು ಖಾಲಿ ಇದೆಯೆಂದು ಧೈರ್ಯ ಹೇಳುವವರಿರುತ್ತಾರೆ. ಖಾಲಿ ಟ್ಯಾಂಕಿನಲ್ಲಿ ತುಂಬಿರುವ ಪೆಟ್ರೋಲಿನ ಆವಿ ದ್ರವಕ್ಕಿಂತ ಅಪಾಯಕಾರಿ.

ಇಷ್ಟನ್ನೂ ಸರಿಯಾಗಿ ಮಾಡಿದ ಮೇಲೂ ಉಳಿಯುವುದು ತಲೆಯ ಪ್ರಶ್ನೆ. ನನ್ನನ್ನು ಹೆಚ್ಚು ಕಾಡಿದ್ದು ಇದೇ. ಆ ಯುವಕರು ತಮ್ಮ ಕಾರಿನಲ್ಲಿ ದಿನವೂ ಕಾಲೇಜಿಗೆ ಹೋಗಿಬರುತ್ತಾರೆ ಎಂದು ಬರಹ ತಿಳಿಸುತ್ತದೆ. ಸ್ಪರ್ಧೆಯಲ್ಲಿ ಚಾಲಕ ಹೆಲ್ಮೆಟ್ ಧರಿಸಿರುತ್ತಾನೆ, ಬಾಗದ ಬಕೆಟ್ ಆಸನದಲ್ಲಿ ಐದು ಅಥವಾ ಆರು ಕಡೆ ಬಿಗಿದ ಬೆಲ್ಟಿನಲ್ಲಿ ಅಲುಗಾಡದೆ ಕುಳಿತಿರುತ್ತಾನೆ. ರಸ್ತೆಯ ಕಾರಿನಲ್ಲಿ ಬರಿದಲೆ, ಒರಗಿದರೆ ಹಿಂದಕ್ಕೆ ಬಾಗುವ ಆಸನ, ಒಂದೇ ಹೆಗಲನ್ನು ಹಿಡಿಯುವ ಬೆಲ್ಟು. ಮಂಗಳೂರಿನ ಪಂಪ್‌ವೆಲ್‌ನಲ್ಲೋ ಕೊಟ್ಟಾರ ಚೌಕಿಯಲ್ಲೋ ವಾಹನಗಳ ಸಾಲಿನಲ್ಲಿ ನಿಂತಿರುವಾಗ ಹಿಂದಿನಿಂದ ಬಸ್ಸೊಂದು ಗುದ್ದಿದರೆ ಆಸನದ ಬೆನ್ನು ಹಿಂದಕ್ಕೆ ಮಡಚುತ್ತದೆ, ಚಾಲಕನ ತಲೆ ನೇರವಾಗಿ ಹಿಂದಿರುವ ಉಕ್ಕಿನ ಕೊಳವೆಗೆ ಬಡಿಯುತ್ತದೆ. ರೋಲ್ ಬಾರ್ ಇಲ್ಲದಿದ್ದರೆ ಕುತ್ತಿಗೆ ಉಳುಕಿ ಹೋಗುತ್ತಿದ್ದ ಅಪಘಾತದಲ್ಲಿ ಈಗ ತಲೆಬುರುಡೆ ಒಡೆಯಬಹುದು. ನಮ್ಮ ಹೆದ್ದಾರಿ 66ರಲ್ಲಿ ದಿನನಿತ್ಯ ಓಡಾಡುವವನಿಗೆ ಕಾರು ಪಲ್ಟಿಯಾಗುವ ಸಂಭವಕ್ಕಿಂತ ಹಿಂದಿನಿಂದ ಗುದ್ದಿಸಿಕೊಳ್ಳುವ ಸಂಭವವೇ ಹೆಚ್ಚೆಂಬುದು ಇಲ್ಲಿ ವಾಹನ ಓಡಿಸುವ ಯಾರಿಗೂ ತಿಳಿದದ್ದೇ. ಅಪರೂಪದ ಅಪಾಯದಿಂದ ಕಾಪಾಡಲು ಹೋಗಿ ನಿತ್ಯದ ಅಪಾಯವನ್ನು ಹೆಚ್ಚಿಸಿಕೊಂಡಂತಾಗುತ್ತದೆ.

ಹಿಂದಿನ ಆಸನದಲ್ಲಿ ಯಾರಾದರೂ ಕುಳಿತರೆ ಸ್ಥಿತಿ ಇನ್ನೂ ಗಂಭೀರ. ಅವರ ಮುಖದ ಎದುರಿಗೇ ಓರೆಕೊಳವೆ ಇರುತ್ತದೆ, ತಲೆಯ ಅಕ್ಕಪಕ್ಕದಲ್ಲಿ ಹಿಂದಿನ ಆಧಾರಗಳು ಇಳಿದಿರುತ್ತವೆ. ಜೋರಾಗಿ ಬ್ರೇಕ್ ಹಾಕಿದರೂ ಹಣೆ ಕೊಳವೆಗೆ ತಾಗುತ್ತದೆ. ಮಕ್ಕಳನ್ನು ಅಲ್ಲಿ ಕೂರಿಸುವುದನ್ನು ನಾನು ಯಾವ ಕಾರಣಕ್ಕೂ ಒಪ್ಪಲಾರೆ. ಚಿತ್ರದಲ್ಲಿ ಕೊಳವೆಗೆ ಸುತ್ತಿದ್ದ ಕಪ್ಪು ಸ್ಪಂಜು, ನನಗೆ ಕಂಡಂತೆ, ಎಸಿಯ ತಾಮ್ರದ ಕೊಳವೆಗೆ ಹಾಕುವಂಥದ್ದು. ಅದನ್ನು ಎರಡು ಬೆರಳಿನಿಂದ ಅದುಮಿದರೆ ಲೋಹ ಸಿಗುತ್ತದೆ. ತಲೆಯ ಪೆಟ್ಟನ್ನು ಹೀರಲೆಂದೇ ತಯಾರಾಗುವ ಪ್ಯಾಡಿಂಗ್ ಬೇರೆಯೇ ಇದೆ. ಅದರ ಮೇಲೆ ಎಫ್‌ಐಎ 8857-2001 ಅಥವಾ ಅಮೆರಿಕದ ಮಾನದಂಡ ಸಂಸ್ಥೆಯಾದ ಎಸ್‌ಎಫ್‌ಐಯ 45.1 ಎಂಬ ಮಾನದಂಡದ ಗುರುತು ಇರುತ್ತದೆ, ಮುಟ್ಟಿದರೆ ಗಟ್ಟಿಯಾಗಿರುತ್ತದೆ. ಆ ಪ್ಯಾಡಿಂಗ್ ಕೂಡ ಹೆಲ್ಮೆಟ್ ಧರಿಸಿದ ತಲೆಯನ್ನು ಲೆಕ್ಕದಲ್ಲಿಟ್ಟುಕೊಂಡು ಬೆಳೆದುಬಂದದ್ದು. ಕಿಟಕಿಯ ಮೇಲಿನಿಂದ ಇಳಿದು ತೆರೆದುಕೊಳ್ಳುವ ಏರ್‌ಬ್ಯಾಗ್ ಇರುವ ಹೊಸ ಕಾರುಗಳಲ್ಲಿ, ಛಾವಣಿಯ ಅಂಚಿಗೆ ಒತ್ತಿ ನಿಂತ ಕಮಾನು ಅದರ ದಾರಿಗೂ ಅಡ್ಡ ಬರುತ್ತದೆ ಎಂಬುದನ್ನೂ ಮರೆಯಬಾರದು.

ರೋಲ್ ಬಾರ್ ನಿಜವಾಗಿ ಅಗತ್ಯವಿರುವ ವಾಹನಗಳೂ ನಮ್ಮ ಸುತ್ತ ಇವೆ, ಅವುಗಳ ಕಡೆಗೆ ಯಾರ ಗಮನವೂ ಹರಿದಿಲ್ಲ. ಕಳಸ, ಸಂಸೆ, ಕುದುರೆಮುಖದ ಕಡೆಗೆ ವಾರಾಂತ್ಯದಲ್ಲಿ ಹೋಗುವ ಮಂಗಳೂರು ಉಡುಪಿಯ ಎಷ್ಟೋ ಕುಟುಂಬಗಳು ಅಲ್ಲಿನ ಕಡಿದಾದ ಮಣ್ಣುದಾರಿಯಲ್ಲಿ ಟಾರ್ಪಾಲಿನ ಛಾವಣಿಯ ಜೀಪುಗಳನ್ನು ಏರುತ್ತವೆ. ಅವುಗಳಲ್ಲಿ ಎಷ್ಟೋ ಜೀಪುಗಳ ಒಳಗಿರುವ ಕಬ್ಬಿಣದ ಕಂಬಿಗಳು ಟಾರ್ಪಾಲು ಹೊರಲು ಮತ್ತು ನಿಂತವರು ಹಿಡಿದುಕೊಳ್ಳಲು ಹಾಕಿದವು. ಪಕ್ಕದ ತಗಡಿಗೆ ಬೆಸೆದ ಈ ಕಂಬಿಗಳನ್ನು ಪ್ರಯಾಣಿಕರು ರಕ್ಷಣೆಯೆಂದು ನಂಬುತ್ತಾರೆ. ಗಟ್ಟಿ ಛಾವಣಿಯೇ ಇಲ್ಲದ ಈ ವಾಹನಗಳಲ್ಲಿ ಸರಿಯಾದ ಅಳತೆಯ ಕಮಾನು, ಅದರ ಭಾರ ಚಾಸಿಸ್‌ಗೆ ತಲುಪುವಂತಹ ಜೋಡಣೆ ಮತ್ತು ಕುಳಿತ ಪ್ರತಿಯೊಬ್ಬರಿಗೂ ಬೆಲ್ಟು ಇದ್ದರೆ ಜೀವ ಉಳಿಯುತ್ತದೆ. ಬೆಲ್ಟಿಲ್ಲದಿದ್ದರೆ ಕಮಾನು ಎಷ್ಟೇ ಗಟ್ಟಿಯಿದ್ದರೂ ಹೊರಗೆ ಎಸೆಯಲ್ಪಟ್ಟವನಿಗೆ ಅದರಿಂದ ಪ್ರಯೋಜನವಿಲ್ಲ.

ಕಾನೂನಿನ ಬಗ್ಗೆ ಪುರವಣಿಯ ಬರಹ ಏನನ್ನೂ ಹೇಳಿರಲಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನೀಡಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳದ ಪ್ರಕರಣವೊಂದರಲ್ಲಿ ಇದನ್ನು ಸ್ಪಷ್ಟವಾಗಿ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಕಲಮಿನ ಪ್ರಕಾರ, ಅನುಮತಿಯಿಲ್ಲದೆ ವಾಹನವನ್ನು ಮಾರ್ಪಡಿಸಿದ ಮಾಲೀಕನಿಗೆ ಆರು ತಿಂಗಳವರೆಗಿನ ಸೆರೆವಾಸ, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಹಿಂದಿನ ಆಸನವನ್ನು ತೆಗೆದುಹಾಕಿದ ಕೂಡಲೇ ನೋಂದಣಿ ಪತ್ರದಲ್ಲಿನ ಆಸನಗಳ ಸಂಖ್ಯೆ ಸುಳ್ಳಾಗುತ್ತದೆ. ಬಾರಿನಿಂದ ಸೇರುವ ಹದಿನೈದು ಇಪ್ಪತ್ತು ಕಿಲೋ ಉಕ್ಕಿನಿಂದ ಖಾಲಿ ವಾಹನದ ತೂಕವೂ ಬದಲಾಗುತ್ತದೆ. ಅಪಘಾತದ ನಂತರ ವಿಮೆಯ ಪರಿಶೀಲನೆಗೆ ಬರುವವರು ಮೊದಲು ನೋಡುವುದೂ ಇಂಥದ್ದನ್ನೇ.

ಹಾಗೆಂದು ಉತ್ಸಾಹಿ ಯುವಕರ ಕೈ ಕಟ್ಟಬೇಕೆಂದು ನಾನು ಹೇಳುತ್ತಿಲ್ಲ. ರಸ್ತೆಗಿಳಿಯದೆ ಸ್ಪರ್ಧೆಗಷ್ಟೇ ಮೀಸಲಾದ, ಟ್ರಕ್ಕಿನ ಮೇಲೇರಿಸಿ ಮೈದಾನಕ್ಕೆ ಒಯ್ಯುವ ಕಾರಿಗೆ ಬೋಲ್ಟಿನ ರೋಲ್ ಬಾರನ್ನು ಮನೆಯಲ್ಲೇ, ಸರಿಯಾದ ಸಾಮಗ್ರಿಯಿಂದ, ತಾಳ್ಮೆಯಿಂದ ಜೋಡಿಸಬಹುದು. ಮಾಡಿದವರನ್ನು ಕಂಡಿದ್ದೇನೆ, ಅವರ ಕೆಲಸವನ್ನು ತಪಾಸಣೆಯಲ್ಲಿ ಒಪ್ಪಿದ್ದೇನೆ. ನಮ್ಮ ದೇಶದಲ್ಲಿ ಮೋಟಾರ್ ಕ್ರೀಡೆಯನ್ನು ನಿಯಂತ್ರಿಸುವ ಎಫ್‌ಎಂಎಸ್‌ಸಿಐ ತನ್ನ ಪ್ರತಿ ಬಗೆಯ ಸ್ಪರ್ಧೆಗೂ ಸುರಕ್ಷತಾ ನಿಯಮಗಳನ್ನು ಪ್ರಕಟಿಸುತ್ತದೆ. ಪೈಪು ಕೊಳ್ಳುವ ಮುನ್ನವೇ ತಾವು ಭಾಗವಹಿಸಲಿರುವ ವರ್ಗದ ನಿಯಮವನ್ನು ಓದಿಕೊಂಡರೆ ಹಣವೂ ಉಳಿಯುತ್ತದೆ.

ಈ ವಿಷಯದ ತಿಳಿವಳಿಕೆಯೂ ನಮ್ಮ ಊರಿನಲ್ಲೇ ಇದೆ. ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಮತ್ತು ಮಣಿಪಾಲದ ಎಂಐಟಿಯಲ್ಲಿ ವಿದ್ಯಾರ್ಥಿಗಳು ತಾವೇ ರೇಸಿಂಗ್ ಕಾರು ಕಟ್ಟಿ ಸ್ಪರ್ಧೆಗಳಿಗೆ ಒಯ್ಯುತ್ತಾರೆ. ಅಂತಹ ಸ್ಪರ್ಧೆಗಳಲ್ಲಿ ಚೌಕಟ್ಟಿನ ಕೊಳವೆಯ ವ್ಯಾಸ, ದಪ್ಪ, ಉಕ್ಕಿನ ಗುಣಗಳನ್ನು ಕಾಗದದಲ್ಲಿ ಸಾಬೀತುಪಡಿಸದೆ ಕಾರನ್ನು ಟ್ರ್ಯಾಕಿಗೆ ಬಿಡುವುದಿಲ್ಲ. ಈ ಕಾಲೇಜುಗಳ ಆಟೋಮೊಬೈಲ್ ಮತ್ತು ಮೆಕ್ಯಾನಿಕಲ್ ವಿಭಾಗಗಳು, ಸ್ಥಳೀಯ ಮೋಟಾರ್ ಕ್ರೀಡಾ ಸಂಘಟಕರೊಂದಿಗೆ ಸೇರಿ, ಮಳೆಗಾಲ ಮುಗಿದು ಸ್ಪರ್ಧೆಗಳು ಆರಂಭವಾಗುವ ಮುನ್ನ ಒಂದು ದಿನವನ್ನು ಇದಕ್ಕೆಂದೇ ಇಟ್ಟು, ಸ್ವತಃ ರೋಲ್ ಬಾರ್ ಜೋಡಿಸಿಕೊಂಡವರ ವಾಹನಗಳನ್ನು ಉಚಿತವಾಗಿ ನೋಡಿ ಸಲಹೆ ನೀಡುವ ವ್ಯವಸ್ಥೆ ಮಾಡಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ. ಕೊಳವೆಯ ದಪ್ಪ ಅಳೆಯುವ ಅಲ್ಟ್ರಾಸಾನಿಕ್ ಉಪಕರಣ ಮತ್ತು ಕಾರಿನಡಿಗೆ ಇಳಿದು ನೋಡಲು ಒಂದು ಪಿಟ್ ಇದ್ದರೆ ಈ ಕೆಲಸ ಸಾಧ್ಯ. ಮಂಗಳೂರು ಮತ್ತು ಉಡುಪಿಯ ಪ್ರಾದೇಶಿಕ ಸಾರಿಗೆ ಕಚೇರಿಗಳು ಅದೇ ದಿನ ಅಲ್ಲಿ ಒಬ್ಬ ವಾಹನ ನಿರೀಕ್ಷಕರನ್ನು ಕಳುಹಿಸಿ, ದಂಡ ಹಾಕುವ ಉದ್ದೇಶವಿಲ್ಲದೆ, ಯಾವ ಮಾರ್ಪಾಡಿಗೆ ಅನುಮತಿ ಇದೆ, ಯಾವುದಕ್ಕಿಲ್ಲ ಎಂಬುದನ್ನು ಕನ್ನಡದಲ್ಲಿ ವಿವರಿಸಿದರೆ ಬಹಳ ಉಪಕಾರವಾಗುತ್ತದೆ.

ಆ ಇಬ್ಬರು ಯುವಕರಿಗೆ ಈ ಪತ್ರ ತಲುಪಿದರೆ ನನ್ನದೊಂದು ಕೋರಿಕೆ: ಕಾರು ಕಾಲೇಜಿಗೆ ಹೋಗಿಬರುವಷ್ಟು ಕಾಲ ಬಾರನ್ನು ಬಿಚ್ಚಿಡಿ, ತೂತುಗಳಿಗೆ ರಬ್ಬರ್ ಬಿರಡೆ ಹಾಕಿ ಸೀಲ್ ಮಾಡಿ, ಹಿಂದಿನ ಆಸನವನ್ನು ಮತ್ತೆ ಅದರ ಜಾಗದಲ್ಲಿ ಕೂರಿಸಿ. ಸ್ಪರ್ಧೆಗಾಗಿಯೇ ಇನ್ನೊಂದು ಕಾರು ಸಿಕ್ಕ ದಿನ ಕಾಲುಗಳಿಗೆ ಪ್ಲೇಟು ಮಾಡಿಸಿಕೊಳ್ಳಲು, ತಗಡನ್ನು ಪರೀಕ್ಷಿಸಲು ನನ್ನ ಸಹಾಯ ಬೇಕಿದ್ದರೆ ಪತ್ರಿಕಾ ಕಚೇರಿಯ ಮೂಲಕ ತಿಳಿಸಬಹುದು. ನನ್ನ ವಿಳಾಸವನ್ನು ಸಂಪಾದಕರಿಗೆ ಪ್ರತ್ಯೇಕವಾಗಿ ಕಳುಹಿಸಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ವಾಹನ ದುರಸ್ತಿ ವಿಭಾಗದ ನಿವೃತ್ತ ಬೋಧಕ
ಸುರತ್ಕಲ್, ಮಂಗಳೂರು